ಗೋಡೆ ತೋರಿಸುವವನು

ಭಾನುವಾರ ಬೆಳಿಗ್ಗೆ ಎಂದರೆ ಕತ್ತರಕ್ಕನಿಗೆ ಊರಿನವರ ಬೆನ್ನು ನೋಡುವ ಭಾಗ್ಯ.

ಅವಳು ಹೊಲಿಗೆಯವಳು. ಕೈಯಲ್ಲೂ ಕತ್ತರಿ, ಬಾಯಲ್ಲೂ ಕತ್ತರಿ ಎಂದು ಓಣಿಯವರು ಇಟ್ಟ ಹೆಸರು ಅದು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಮೊಂಡು ಅನ್ನಿಸಿಕೊಳ್ಳುವುದಕ್ಕಿಂತ ಹರಿತ ಅನ್ನಿಸಿಕೊಳ್ಳುವುದು ಮೇಲಲ್ಲವೇ. ಮನೆಯ ಮುಂದಿನ ಕೋಣೆ ಗಿರಾಕಿಗಳಿಗೆ, ಹಿಂದಿನ ಕೋಣೆ ಹೊಲಿಗೆ ಯಂತ್ರಕ್ಕೆ. ಯಂತ್ರದ ಎದುರಿಗೇ ಕಿಟಕಿ. ಕಿಟಕಿಯ ಕೆಳಗೆ ಯಾರೂ ನೆಡದೆ ತಾನಾಗಿ ಬೆಳೆದ ಅಗಲ ಎಲೆಯ ಒಂದು ಗಿಡ, ಗಿಡದಾಚೆ ಕಾಲುದಾರಿ, ದಾರಿಯಾಚೆ ಹಳೆಯ ಗೋದಾಮಿನ ಉದ್ದನೆಯ ಗೋಡೆ. ದಾರಿ ಹಾಗೇ ಇಳಿದು ಹಳ್ಳ ಸೇರುತ್ತದೆ. ಹಳ್ಳವೆಂದರೆ ಈಗ ಅರ್ಧ ಚರಂಡಿ. ಆದರೂ ಅದರ ದಡದಲ್ಲಿ ಬಿದಿರು ಮೆಳೆ ಉಳಿದಿದೆ, ಜೊಂಡು ಉಳಿದಿದೆ, ಬೇರೆ ಗತಿಯಿಲ್ಲದ ಕೊಕ್ಕರೆಗಳು ಬಂದು ಒಂಟಿಕಾಲಲ್ಲಿ ನಿಲ್ಲುತ್ತವೆ.

ಆ ದಾರಿಯಲ್ಲಿ ಭಾನುವಾರ ಅವಳ ಮೈದುನನ ದಂಡು ಬರುತ್ತದೆ.

ಮೈದುನನೆಂದರೆ ತೀರಿಹೋದ ಗಂಡನ ತಮ್ಮ. ಮದುವೆ ಗಿದುವೆ ಎನ್ನದೆ ಮಹಡಿಯ ಕೋಣೆಯಲ್ಲಿ ಒಂಟಿಯಾಗಿ ಇದ್ದಾನೆ. ಆಯುಸ್ಸಿನ ಮುಕ್ಕಾಲು ಪಾಲು ಬೂಟಿನ ಅಂಗಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಊರಿನವರ ಕಾಲಿಗೆ ಬೂಟು ತೊಡಿಸಿದ. ಅಂಗಡಿ ಮುಚ್ಚಿತು. ಬೇರೆಯವರಾಗಿದ್ದರೆ ಮನೆಯಲ್ಲಿ ಕೂತು ತಮ್ಮ ಕಾಲನ್ನಾದರೂ ಚಾಚುತ್ತಿದ್ದರು. ಇವನು ಒಂದು ಟೊಪ್ಪಿ ಕೊಂಡ, ಒಂದು ಬೆತ್ತ ಕೊಂಡ, ಕೊರಳಿಗೆ ಸೀಟಿ ನೇತುಹಾಕಿಕೊಂಡು 'ನಗರ ನಡಿಗೆ' ಎಂದು ಶುರು ಮಾಡಿದ. ಅಂದು ಬೂಟು ತೊಡಿಸಿದ ಕಾಲುಗಳನ್ನೇ ಇಂದು ಬೀದಿ ಬೀದಿ ಅಲೆಸುತ್ತಾನೆ. ಕಾಲುಗಳೂ ಬರುತ್ತವೆ, ಅದೇ ಸೋಜಿಗ. ಜನ ಅವನನ್ನು ನಡಿಗೆ ಮೇಷ್ಟ್ರು ಎನ್ನುತ್ತಾರೆ. ಕತ್ತರಕ್ಕ ಮಾತ್ರ ಅವನು ಮೆಟ್ಟಿಲಿಳಿಯುವುದು ಕೇಳಿದರೆ ಸವಾರಿ ಹೊರಟಿತು ಎಂದು ತನ್ನ ಯಂತ್ರಕ್ಕೆ ಹೇಳುತ್ತಾಳೆ.

ಬರುವವರದಾದರೂ ಎಂಥ ಜಾತಿ! ವಾರವಿಡೀ ಲಿಫ್ಟಿನಲ್ಲಿ ಏರಿ ಕಾರಿನಲ್ಲಿ ಇಳಿದು ನೆಲಕ್ಕೆ ಕಾಲೂರದ ಜನ, ಭಾನುವಾರ ನಡೆಯುವುದಕ್ಕೆಂದು ಕಾರಿನಲ್ಲಿ ಬರುತ್ತಾರೆ. ಕಾರು ನಿಲ್ಲಿಸಲು ಜಾಗ ಸಿಗದಿದ್ದರೆ ಓಣಿಯವರ ಮೇಲೆ ಸಿಡುಕುತ್ತಾರೆ. ಆಮೇಲೆ ಹಳ್ಳದ ದಡದಲ್ಲಿ ಕಣ್ಣು ಮುಚ್ಚಿ ನಿಂತು, ಆಹಾ ಏನು ಗಾಳಿ ಎನ್ನುತ್ತಾರೆ. ಆ ಗಾಳಿ ಎಲ್ಲಿಂದ ಬರುತ್ತದೆಂದು ಓಣಿಯವರು ಮೂಗು ಮುಚ್ಚಿಕೊಂಡು ತಿಳಿದಿದ್ದಾರೆ.

ಒಂದು ಸಲ ಮೈದುನನ ಒತ್ತಾಯಕ್ಕೆ ಅವಳೂ ಹೋಗಿದ್ದಳು. ಬಸ್ ನಿಲ್ದಾಣದಿಂದ ಶುರು. ಬೀಗ ರಿಪೇರಿಯವರ ಸಂದಿಯಲ್ಲಿ ದಂಡು ನಿಂತು, ಕೆಲಸಕ್ಕೆ ಕೂತ ಮುದುಕನ ಬೆರಳುಗಳ ಫೋಟೋ ಹಿಡಿಯಿತು. ಒಬ್ಬರೂ ಒಂದು ಬೀಗದ ಕೈ ಮಾಡಿಸಲಿಲ್ಲ. ಮುಂದಿನ ಓಣಿಯಲ್ಲಿ ಒಬ್ಬ ಹೆಂಗಸು ಒಣಹಾಕಿದ್ದ ಒಳಬಟ್ಟೆಗಳನ್ನು ಗಡಬಡಿಸಿ ಎಳೆದುಕೊಂಡು ಒಳಗೆ ಹೋದಳು. ಬದುಕಿನ ಬಣ್ಣಗಳು ಎಂದು ಯಾರೋ ಉಸಿರೆಳೆದರು. ಮುಚ್ಚಿದ ಸಿನಿಮಾ ಮಂದಿರದ ಎದುರು ಮೈದುನ ಒಂದು ಕಾಗೆ ಹಾರಿಸಿದ. ನೀರಿನ ಟ್ಯಾಂಕಿನ ಕೆಳಗೆ ಇನ್ನೊಂದು. ಇಷ್ಟು ವರ್ಷ ಒಂದೇ ಊರಿನಲ್ಲಿದ್ದ ಕತ್ತರಕ್ಕನಿಗೆ ತನ್ನ ಊರಿನಲ್ಲಿ ಇಷ್ಟೊಂದು ಪ್ರೇಮಿಗಳು ಸತ್ತಿದ್ದು ಅಂದೇ ಗೊತ್ತಾಯಿತು. ಮನೆಗೆ ಬಂದು ಕಾಲಿಗೆ ನೀರು ಹಾಕಿಕೊಂಡು, ಇನ್ನು ಈ ಜನ್ಮಕ್ಕೆ ಸಾಕು ಎಂದಳು.

ಆದರೆ ಅವಳಿಗೆ ಎಲ್ಲಕ್ಕಿಂತ ಉರಿಯುತ್ತಿದ್ದುದು ಗೋಡೆಯ ಕಥೆ. ವರ್ಷದ ಕೆಲವು ತಿಂಗಳು ಆ ದಂಡು ಸರಿಯಾಗಿ ಅವಳ ಕಿಟಕಿಯ ಎದುರಿಗೇ ನಿಲ್ಲುತ್ತಿತ್ತು. ನಿಂತು ಕಿಟಕಿಗೆ ಬೆನ್ನು ಹಾಕಿ ಗೋಡೆ ನೋಡುತ್ತಿತ್ತು. ಹಾಗಾಗಿ ಅವಳ ಪಾಲಿಗೆ ಬರುತ್ತಿದ್ದುದು ಸಾಲಾಗಿ ನಿಂತ ಹಿಂಭಾಗಗಳು, ಅಳತೆ ತಪ್ಪಿದ ಪ್ಯಾಂಟುಗಳು, ಬಿಟ್ಟುಹೋದ ಹೊಲಿಗೆಗಳು. ಗೋಡೆಯಲ್ಲಿ ಒಂದು ಕಡೆ ಬೇರೆ ಬಣ್ಣದ ಇಟ್ಟಿಗೆಯ ತೇಪೆಯಿತ್ತು. ಅಲ್ಲಿ ಹಿಂದೆ ಒಂದು ಗುಟ್ಟಿನ ಬಾಗಿಲಿತ್ತು, ಗೋದಾಮಿನ ಯಜಮಾನನ ಮಗಳು ಆ ಬಾಗಿಲಿನಿಂದ ದೋಣಿಯವನ ಜೊತೆ ಓಡಿಹೋದಳು, ಅಪ್ಪ ಅವತ್ತೇ ಬಾಗಿಲು ಮುಚ್ಚಿಸಿದ ಎಂದು ಮೈದುನ ಗಂಟಲು ನಡುಗಿಸಿ ಹೇಳುತ್ತಿದ್ದ. ಹಳ್ಳದಲ್ಲಿ ಕಾಗದದ ದೋಣಿ ಕೂಡ ತೇಲದು. ಕೆಲವು ವಾರ ದೋಣಿಯವನು ಮರೆತುಹೋಗಿ ಬಡಗಿಯಾಗುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ. ನಿಜವೆಂದರೆ ಒಂದು ಲಾರಿ ಹಿಂದೆ ಬರುವಾಗ ಗುದ್ದಿ ಅಲ್ಲಿ ಗೋಡೆ ಬಿದ್ದಿತ್ತು. ಅವಳ ಗಂಡ ಕಣ್ಣಾರೆ ನೋಡಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಸಿಕ್ಕಿದರೆ ಇವನಿಗಿನ್ನೇನು ಬೇಕು ಎಂದು ಅವಳು ಯಂತ್ರವನ್ನು ಬೇಕೆಂದೇ ಜೋರಾಗಿ ತುಳಿಯುತ್ತಿದ್ದಳು.

ಅವಳಿಗೂ ಒಂದು ಗುಟ್ಟಿತ್ತು. ಅದು ಕಿಟಕಿಯ ಕೆಳಗಿನ ಗಿಡದಲ್ಲಿತ್ತು.

ದರ್ಜಿ ಹಕ್ಕಿ ಎನ್ನುತ್ತಾರಲ್ಲ, ಹೆಬ್ಬೆಟ್ಟಿನ ಗಾತ್ರದ್ದು, ಬಾಲ ನಿಮಿರಿಸಿಕೊಂಡು ತನ್ನ ಮೈಗಿಂತ ದೊಡ್ಡ ದನಿಯಲ್ಲಿ ಕೂಗುವುದು, ಅದು ಪ್ರತಿ ವರ್ಷ ಆ ಗಿಡದ ಎಲೆಗಳನ್ನು ಸೇರಿಸಿ ಹೊಲಿದು ಒಳಗೆ ಗೂಡು ಕಟ್ಟುತ್ತಿತ್ತು. ಕೊಕ್ಕಿನಿಂದ ಎಲೆಯ ಅಂಚಿಗೆ ತೂತು, ತೂತಿನಲ್ಲಿ ನಾರು, ಆಚೆ ಕಡೆ ಎಳೆದು ತುದಿ ಉಬ್ಬಿಸಿ ಬಿಟ್ಟರೆ ಗಂಟು ಹಾಕಿದ ಹಾಗೆ. ಕತ್ತರಕ್ಕ ಮೊದಲ ಸಲ ಅದನ್ನು ಕಂಡಾಗ ಯಂತ್ರ ನಿಲ್ಲಿಸಿ ಮಧ್ಯಾಹ್ನವೆಲ್ಲ ನೋಡಿದ್ದಳು. ಹೊಲಿಗೆ ಪರವಾಗಿಲ್ಲ ಎಂದಳು. ಊರಿನ ಯಾವ ದರ್ಜಿಯ ಬಗ್ಗೆಯೂ ಅವಳು ಅಷ್ಟು ಒಳ್ಳೆಯ ಮಾತು ಆಡಿದ್ದಿಲ್ಲ. ಅಂದಿನಿಂದ ತುಂಡು ದಾರಗಳನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡುವುದು ಅಭ್ಯಾಸವಾಯಿತು. ಗುಡಿಸಲು ಸೋಮಾರಿತನ ಎಂದು ತನಗೆ ತಾನೇ ಹೇಳಿಕೊಂಡಳು. ಹಕ್ಕಿ ಬಂದು ಶಾಲೆಯ ಸಮವಸ್ತ್ರದ ನೀಲಿ ದಾರ ಒಯ್ಯುತ್ತಿತ್ತು, ಪರದೆಯ ಹಳದಿ ದಾರ ಒಯ್ಯುತ್ತಿತ್ತು. ಆದರೆ ಮರಿ ಹಾರಿದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಒಂದು ವರ್ಷ ಗೂಡಿಗೆ ಬೆಕ್ಕು ಬಾಯಿ ಹಾಕಿತು. ಇನ್ನೊಂದು ವರ್ಷ ಗಾಳಿಗೆ ಟೊಂಗೆಯೇ ಮುರಿಯಿತು. ಈ ವರ್ಷ ಎಲೆಗಳ ಮರೆಯಲ್ಲಿ, ಬೆಕ್ಕಿಗೆ ಎಟುಕದಷ್ಟು ಎತ್ತರದಲ್ಲಿ ಗೂಡಿತ್ತು. ಮೊಟ್ಟೆ ಒಡೆದು ಮರಿಗಳು ಬಾಯಿ ಬಿಡುತ್ತಿದ್ದವು. ಮಕ್ಕಳಿಲ್ಲದ ಕತ್ತರಕ್ಕ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಗೆ ಬರುತ್ತಿದ್ದಳು. ಈ ಸಲವಾದರೂ ಹಾರಲಿ ಎಂಬುದೊಂದೇ ಅವಳಿಗೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕತ್ತರಿ ಮೊಂಡಾಯಿತು ಎನ್ನುತ್ತಿದ್ದರು.

ಆ ಭಾನುವಾರ ದಂಡು ದೊಡ್ಡದಿತ್ತು. ಉದ್ದ ಮೂತಿಯ ಕ್ಯಾಮೆರಾದವನೊಬ್ಬ ಹೊಸದಾಗಿ ಸೇರಿದ್ದ. ಹಲ್ಲಿನ ಡಾಕ್ಟರಮ್ಮ ಹಳಬಳು. ವಾರವೆಲ್ಲ ಜನರ ಬಾಯಿ ಬಿಡಿಸಿ ಚೀರಿಸುವವಳು, ಭಾನುವಾರ ಗೋಡೆಯ ಹುಡುಗಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೈದುನ ಸೀಟಿ ಊದಿ, ಎಲ್ಲರೂ ಗೋಡೆಯ ಕಡೆ ಎಂದ. ಕಥೆ ನಡೆಯಿತು. ದೋಣಿಯವನು ಬಂದ, ಹುಡುಗಿ ಹೊಸ್ತಿಲು ದಾಟಿದಳು, ಡಾಕ್ಟರಮ್ಮ ಕರವಸ್ತ್ರ ತೆಗೆದಳು. ಆಗ ಕ್ಯಾಮೆರಾದವನು ಅತ್ತಿತ್ತ ನೋಡಿ, ಈ ಕಡೆ ಏನೂ ಇಲ್ಲವೇ ಎಂದು ಕಿಟಕಿಯ ಕಡೆ ತಿರುಗತೊಡಗಿದ.

ಮೈದುನ ಬೆತ್ತ ಅಡ್ಡ ಹಿಡಿದ. "ಈ ಕಡೆ ಏನೂ ಇಲ್ಲ ಸಾರ್. ಒಂದು ಹೊಲಿಗೆ ಮನೆ, ಅಷ್ಟೆ."

ಯಂತ್ರ ನಿಂತಿತು. ಕತ್ತರಕ್ಕನಿಗೆ ಅಂಗಾಲಿನಿಂದ ನೆತ್ತಿಗೆ ಉರಿ ಹತ್ತಿತು. ಅವನು ಉಣ್ಣುವ ಅನ್ನ ಈ ಹೊಲಿಗೆ ಮನೆಯದು, ತಲೆಯ ಮೇಲಿನ ಸೂರು ಈ ಹೊಲಿಗೆ ಮನೆಯದು, ಟೊಪ್ಪಿಯ ಅಂಚು ಬಿಟ್ಟಾಗ ಹೊಲಿದುಕೊಟ್ಟದ್ದೂ ಈ ಹೊಲಿಗೆ ಮನೆಯೇ. ಲಾರಿ ಗುದ್ದಿದ ಇಟ್ಟಿಗೆಗೆ ಕಥೆಯಿದೆಯಂತೆ, ಇಲ್ಲಿ ಏನೂ ಇಲ್ಲವಂತೆ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಸ್ವಾಮಿ, ಅಲ್ಲಿ ನೋಡಿ ನೋಡಿ ಕುತ್ತಿಗೆ ನೋಯಿಸ್ಕೋಬೇಡಿ. ಅಲ್ಲಿ ಬಾಗಿಲೂ ಇರಲಿಲ್ಲ, ಹುಡುಗಿಯೂ ಇರಲಿಲ್ಲ. ಲಾರಿ ಗುದ್ದಿದ್ದು ಅದು. ನೋಡೋ ಕಣ್ಣಿದ್ರೆ ಈ ಕಡೆ ತಿರುಗಿ."

ಬೆನ್ನುಗಳೆಲ್ಲ ಮುಖಗಳಾದವು. ಅವಳು ಒಂದು ಕೋಲಿನಿಂದ ಎಲೆ ಸರಿಸಿ ಗೂಡು ತೋರಿಸಿದಳು. ನೀಲಿ ದಾರ ತೋರಿಸಿದಳು, ಹಳದಿ ದಾರ ತೋರಿಸಿದಳು, ಹಕ್ಕಿ ಗಂಟು ಹಾಕುವ ಬಗೆಯನ್ನು ಕೈಯಲ್ಲಿ ಮಾಡಿ ತೋರಿಸಿದಳು. ಜನ ಬಾಯಿ ಬಿಟ್ಟರು. ಎಂಥ ಕಣ್ಣಮ್ಮ ನಿಮ್ಮದು ಎಂದಳು ಡಾಕ್ಟರಮ್ಮ. ಇಷ್ಟು ವಾರ ನಮಗೆ ಇದನ್ನು ತೋರಿಸಲೇ ಇಲ್ಲವಲ್ಲ ಮೇಷ್ಟ್ರೇ ಎಂದು ಯಾರೋ ಮೈದುನನನ್ನು ಚುಚ್ಚಿದರು. ಅವನು ಟೊಪ್ಪಿಯನ್ನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಕತ್ತರಕ್ಕನಿಗೆ ಹೊಟ್ಟೆ ತಣ್ಣಗಾಯಿತು. ಹೊಗಳಿದವರನ್ನು ನಂಬಬೇಡ ಎಂದು ಗಿರಾಕಿಗಳಿಗೆಲ್ಲ ಹೇಳುವ ಹೆಂಗಸು, ತಾನೇ ಉಬ್ಬಿ ಅಟ್ಟ ಏರಿ ಕೂತಳು.

ಕ್ಯಾಮೆರಾದವನು ಬಗ್ಗಿದ, ಎದ್ದ, ನಾಲಿಗೆ ಲೊಚಗುಟ್ಟಿದ. ಒಂದೇ ಒಂದು ಎಲೆ ಅಡ್ಡ ಬರುತ್ತಿದೆ, ಅದೊಂದು ಹೋದರೆ ಮರಿಗಳ ಬಾಯಿ ಸ್ಪಷ್ಟವಾಗಿ ಸಿಗುತ್ತದೆ, ಒಂದು ಕತ್ತರಿ ಸಿಗಬಹುದೇ ಎಂದು ವಿನಯದಿಂದ ಕೇಳಿದ.

ಕತ್ತರಕ್ಕನ ಕತ್ತರಿ ಅವಳ ಕೈ ಬಿಟ್ಟು ಹೋದದ್ದಿಲ್ಲ. ಬಟ್ಟೆ ಬಿಟ್ಟು ಬೇರೇನನ್ನೂ ಅದು ಮುಟ್ಟಿದ್ದಿಲ್ಲ. ಕಾಗದ ಕತ್ತರಿಸಲು ಕೇಳಿದ ಗಂಡನಿಗೇ ಇಲ್ಲವೆಂದವಳು. ಕಸುಬಿನವರಿಗೆ ಅದು ನೇಮ. ಕತ್ತರಿ ಕೊಟ್ಟವಳು ಕೈ ಕೊಟ್ಟಂತೆ. ಅವಳು ಒಂದು ಗಳಿಗೆ ಹಿಂದೆ ಮುಂದೆ ನೋಡಿದಳು. ಆಗಲೇ ಮೈದುನ ಬಾಯಿ ತೆರೆದದ್ದು.

"ಅತ್ತಿಗೆ, ಕತ್ತರಿ ಕೊಡಬೇಡಿ."

ಅವನು ಸುಮ್ಮನಿದ್ದಿದ್ದರೆ ಬಹುಶಃ ಕೊಡುತ್ತಿರಲಿಲ್ಲ. ಅಷ್ಟು ಜನರ ಎದುರಿಗೆ ತನಗೇ ಬುದ್ಧಿ ಹೇಳುತ್ತಾನಲ್ಲ, ಅಸೂಯೆ ಎಂದರೆ ಇದೇ ಎಂದುಕೊಂಡಳು. ಕತ್ತರಿಯ ಹಿಡಿಯನ್ನು ಮುಂದೆ ಮಾಡಿ ಕಿಟಕಿಯಿಂದ ಹೊರಗೆ ಚಾಚಿದಳು. ಒಂದು ಎಲೆ ಬಿತ್ತು. ಬೆಳಕು ಸಾಲದೆಂದು ಇನ್ನೊಂದು ಬಿತ್ತು. ನೆರಳು ಬೀಳುತ್ತದೆಂದು ಮೂರನೆಯದೂ ಬಿತ್ತು. ಕತ್ತರಿ ಅಂಟಂಟಾಗಿ ಹಿಂದಕ್ಕೆ ಬಂತು. ದಂಡು ನಗುತ್ತಾ ಹಳ್ಳಕ್ಕೆ ಇಳಿಯಿತು. ಮೈದುನ ಎಲ್ಲರಿಗಿಂತ ಹಿಂದೆ, ಸೀಟಿ ಊದದೆ ಹೋದ.

ಆಮೇಲೆ ಆ ಫೋಟೋ ಯಾವ ಯಾವ ಫೋನಿನಲ್ಲಿ ಸುತ್ತಿತೋ, ಮರುದಿನದಿಂದ ಜನ ಬರತೊಡಗಿದರು. ದರ್ಜಿಯ ಮನೆಯ ದರ್ಜಿ ಹಕ್ಕಿ ಇದೇನಾ ಎಂದು ಕೇಳಿ, ಗೂಡಿನ ಬಾಯಿಗೆ ಫೋನು ಹಿಡಿದರು. ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದು ಗೋಡೆಯ ಮೇಲೆ ಕೂತು ಕೂಗಿತು, ಕೆಳಗೆ ಬರಲಿಲ್ಲ. ಪಾಪ ಎಷ್ಟು ಚೆನ್ನಾಗಿ ಹಾಡುತ್ತದೆ ಎಂದರು. ಕತ್ತರಕ್ಕ ಮೊದಲ ದಿನ ಜನರಿಗೆ ವಿವರಿಸಿದಳು. ಎರಡನೆಯ ದಿನ ಗದರಿಸಿದಳು. ಗದರಿಸುವುದನ್ನೂ ಒಬ್ಬ ವಿಡಿಯೋ ಮಾಡಿಕೊಂಡು ಹೋದ. ಮಧ್ಯಾಹ್ನದ ಬಿಸಿಲು ನೇರವಾಗಿ ಗೂಡಿಗೆ ಬೀಳುತ್ತಿತ್ತು. ಅವಳು ಒಂದು ಬಟ್ಟೆ ತುಂಡು ಇಳಿಬಿಟ್ಟು ನೆರಳು ಮಾಡಲು ನೋಡಿದಳು. ಅದು ಗಾಳಿಗೆ ಪಟಪಟ ಹೊಡೆದು ಹಕ್ಕಿಯನ್ನು ಇನ್ನಷ್ಟು ಬೆದರಿಸಿತು. ತೆಗೆದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅದರ ಮರುದಿನ ಅವಳು ಕಾಲರು ಹೊಲಿಯುತ್ತಿದ್ದಾಗ ಗಿಡದಲ್ಲಿ ಧಪ್ ಎಂದು ಸದ್ದಾಯಿತು. ಯಂತ್ರದಿಂದ ಏಳುವಷ್ಟರಲ್ಲಿ ಕಾಗೆ ತನ್ನ ಕೆಲಸ ಮುಗಿಸಿತ್ತು. ಎಲೆ ಹರಿದಿತ್ತು. ನೀಲಿ ದಾರ ಮಾತ್ರ ತೂತಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಸಂಜೆ ಮೈದುನ ಊಟಕ್ಕೆ ಇಳಿದಾಗ ಅವಳು ತಟ್ಟೆ ಹಾಕಲಿಲ್ಲ. ಹಿಂದಿನ ಕೋಣೆಯಲ್ಲಿ ದೀಪ ಹಚ್ಚದೆ ಕೂತಿದ್ದಳು. ಅವನು ಬಾಗಿಲಲ್ಲಿ ನಿಂತ. ಅವಳಿಗೆ ಬೈಯಲು ಯಾರಾದರೂ ಬೇಕಿತ್ತು, ಇವನು ಸಿಕ್ಕಿದ. ನಿನ್ನ ದಂಡು ಬರದಿದ್ದರೆ ಹೀಗಾಗುತ್ತಿರಲಿಲ್ಲ, ಭಾನುವಾರ ಬಂದರೆ ಆ ಸುಡುಗಾಡು ಗೋಡೆಯ ಮುಂದೆ ನಿಲ್ಲಿಸಿ ಊರಿಗೆಲ್ಲ ಸುಳ್ಳು ಹೇಳುತ್ತೀಯಲ್ಲ, ಆ ಗೋಡೆಯಲ್ಲಿ ಏನಿದೆ ಎಂದು ಕೇಳಿದಳು.

"ಏನೂ ಇಲ್ಲ," ಅಂದ ಅವನು. "ಏನೂ ಇಲ್ಲ ಅಂತಲೇ ತೋರಿಸ್ತಿದ್ದೆ."

ಅವಳಿಗೆ ಅರ್ಥವಾಗಲಿಲ್ಲ.

"ಬಿಸಿಲುಗಾಲದಲ್ಲಿ ಏರು ಹತ್ತಿ ಬಂದವರಿಗೆ ನಿಲ್ಲೋಕೆ ನೆರಳಿರೋದು ಅಲ್ಲೊಂದೇ ಕಡೆ, ಅತ್ತಿಗೆ. ಬೇಡ ಅಂದ್ರೂ ನಿಲ್ತಾರೆ. ನಿಂತ್ರೆ ಗಿಡ ನೋಡ್ತಾರೆ, ಗಿಡ ನೋಡಿದ್ರೆ ಗೂಡು ನೋಡ್ತಾರೆ. ಅದಕ್ಕೆ ಗೋಡೆ ಕಡೆ ತಿರುಗಿಸ್ತಿದ್ದೆ. ಗೂಡು ಕಟ್ಟೋ ಕಾಲದಲ್ಲಿ ಮಾತ್ರ. ಬೇರೆ ದಿನ ಅಲ್ಲಿ ನಿಲ್ಲೋದೇ ಇಲ್ಲವಲ್ಲ, ನೀವು ನೋಡಿಲ್ವಾ?"

ಅವಳು ನೋಡಿದ್ದಳು. ವರ್ಷದ ಕೆಲವು ತಿಂಗಳು ಮಾತ್ರ ಬೆನ್ನುಗಳು ಬರುತ್ತವೆ, ಉಳಿದ ದಿನ ದಂಡು ಸೀದಾ ಬಿದಿರು ಮೆಳೆಗೆ ಹೋಗುತ್ತದೆ. ಕಂಡಿದ್ದಳು, ಯೋಚಿಸಿರಲಿಲ್ಲ. ಪ್ಯಾಂಟಿನ ಅಳತೆ ನೋಡುವುದರಲ್ಲೇ ಕಣ್ಣು ಮುಗಿದಿತ್ತು. ನನಗೇಕೆ ಹೇಳಲಿಲ್ಲ ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ನಿಮಗೆ ಗೊತ್ತಿದ್ದದ್ದೇ ಅಲ್ವಾ. ನೀವು ಕಟ್ಟೆ ಮೇಲೆ ದಾರ ಇಡೋದು ಮೇಲಿಂದ ಕಾಣ್ತಿತ್ತು. ನನಗೂ ಅದರ ಮೇಲೆ ಆಸೆ ಅಂತ ಹೇಳಿದ್ರೆ ನಗ್ತಿದ್ರಿ."

ನಗುತ್ತಿದ್ದಳು. ಅದರಲ್ಲಿ ಅನುಮಾನವೇ ಇರಲಿಲ್ಲ. ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಒಂದೇ ಗೂಡನ್ನು ಕೆಳಗಿನಿಂದ ಒಬ್ಬಳು, ಮೇಲಿನಿಂದ ಒಬ್ಬ, ವರ್ಷಗಟ್ಟಲೆ ಕದ್ದು ಕದ್ದು ಕಾದಿದ್ದರು. ಕೊನೆಗೆ ಕತ್ತರಿ ಕೊಟ್ಟವಳು ಅವಳು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಅಷ್ಟು ಚೆನ್ನಾಗಿ ಅವಳು ಯಾರನ್ನೂ ಯಾವತ್ತೂ ಬೈದಿರಲಿಲ್ಲ, ಆ ಸಂಜೆ ತನ್ನನ್ನು ಬೈದುಕೊಂಡ ಹಾಗೆ.

ಮೈದುನ ನಡಿಗೆ ಬಿಟ್ಟ. ಟೊಪ್ಪಿ ಮೊಳೆಗೆ ತೂಗಿತು. ಭಾನುವಾರಗಳು ಬಂದವು, ಸವಾರಿ ಹೊರಡಲಿಲ್ಲ. ಬೆಳಗಿನಿಂದ ಮಹಡಿಯಲ್ಲಿ ಅವನು ಅತ್ತಿಂದಿತ್ತ ಓಡಾಡುವ ಸದ್ದು ಅವಳ ತಲೆಯ ಮೇಲೆ ಕೇಳುತ್ತಿತ್ತು. ಊರೆಲ್ಲ ತಿರುಗುತ್ತಿದ್ದವನು ಒಂದು ಕೋಣೆಯೊಳಗೆ ತಿರುಗುವುದು ಬೈಗುಳಕ್ಕಿಂತ ಕಷ್ಟ ಕೊಡುತ್ತಿತ್ತು. ಅವಳು ಟೊಪ್ಪಿಯ ಧೂಳು ಕೊಡವಿದಳು. ಪಟ್ಟಿ ಸಡಿಲವಾಗಿದೆ, ಬಿಗಿ ಮಾಡಿದ್ದೇನೆ ಎಂದಳು. ಅವನು ಹೂಂ ಎಂದ, ಟೊಪ್ಪಿ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಕಟ್ಟೆಯ ಮೇಲಿದ್ದ ಕೆಂಪು ದಾರ ಕಾಣಲಿಲ್ಲ. ಅವಳು ಉಸಿರು ಬಿಗಿಹಿಡಿದು ಕಾದಳು. ಗಿಡದ ಇನ್ನೊಂದು ಮಗ್ಗುಲಲ್ಲಿ, ದಾರಿಗೆ ಇನ್ನೂ ಹತ್ತಿರದಲ್ಲಿ, ಎರಡು ಎಳೆ ಎಲೆಗಳು ಕೂಡಿಕೊಳ್ಳುತ್ತಿದ್ದವು. ಬುದ್ಧಿ ಇಲ್ಲದ ಮುಂಡೇದು, ಊರಲ್ಲಿ ಬೇರೆ ಗಿಡವೇ ಇರಲಿಲ್ಲವೇ ಎಂದು ಬೈದಳು. ಬೈಯುತ್ತಲೇ ಕಣ್ಣು ತುಂಬಿತು.

ಮುಂದಿನ ಭಾನುವಾರ ಸೀಟಿಯಿಲ್ಲದೆಯೇ ದಂಡು ಬಂತು. ಮೇಷ್ಟ್ರಿಲ್ಲದಿದ್ದರೂ ಕಾಲುಗಳಿಗೆ ದಾರಿ ಅಭ್ಯಾಸವಾಗಿತ್ತು. ಮುಂದೆ ಕ್ಯಾಮೆರಾದವನು, ಜೊತೆಗೆ ಅವನಂಥವರೇ ಇನ್ನೂ ನಾಲ್ಕು ಜನ. ಕತ್ತರಕ್ಕ ಅವರ ಮಾತು ಕೇಳಿದ ಕೂಡಲೇ ಹಿಂಬಾಗಿಲು ತೆರೆದು, ಕೊರಳಲ್ಲಿ ಅಳತೆಪಟ್ಟಿಯೊಂದಿಗೇ ದಾರಿಗೆ ಇಳಿದಳು. ಹೋಗಿ ಗೋಡೆಗೆ ಬೆನ್ನು ಕೊಟ್ಟು, ತೇಪೆಯ ಪಕ್ಕದಲ್ಲಿ ನಿಂತಳು. ಅವಳ ಕಡೆ ನೋಡಬೇಕೆಂದರೆ ಅವರು ಗಿಡಕ್ಕೆ ಬೆನ್ನು ಹಾಕಲೇಬೇಕಿತ್ತು.

ಗೂಡು ಏನಾಯಿತು ಎಂದು ಕ್ಯಾಮೆರಾದವನು ಕೇಳಿದ.

"ಅದು ಹೋಯ್ತು. ನನ್ನ ಕತ್ತರಿಯಿಂದಲೇ ಹೋಯ್ತು," ಅಂದಳು. "ಇಲ್ಲಿ ನೋಡಿ."

ಲಾರಿ ಗುದ್ದಿದ್ದು ಎಂದು ನೀವೇ ಹೇಳಿದಿರಲ್ಲ ಎಂದಳು ಡಾಕ್ಟರಮ್ಮ. ಮನೆತನದ ಮಾನದ ವಿಷಯ, ಹೊರಗಿನವರ ಮುಂದೆ ಹಾಗೆ ಹೇಳಬೇಕಾಗಿತ್ತು ಎಂದು ಕತ್ತರಕ್ಕ ದನಿ ತಗ್ಗಿಸಿದಳು. ದನಿ ತಗ್ಗಿದ ಕೂಡಲೇ ದಂಡು ಹತ್ತಿರ ಸರಿಯಿತು. ಆ ಹುಡುಗಿ ಓಡಿಹೋದ ದಿನ ತೊಟ್ಟಿದ್ದ ಅಂಗಿಯನ್ನು ಹೊಲಿದದ್ದು ನಮ್ಮ ಅತ್ತೆಯವರೇ, ಒಳಜೇಬಿನಲ್ಲಿ ಬಾಗಿಲಿನ ಕೀಲಿ ಇಟ್ಟು ಹೊಲಿದರು ಎಂದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಕೇಳುವವರು ಮಾತ್ರ ಕಣ್ಣರಳಿಸಿದರು. ಥೂ, ಎಂಥ ಜನ, ಎಂದು ಒಳಗೇ ಅಂದುಕೊಂಡು ಮುಂದುವರಿಸಿದಳು. ಹುಡುಗಿ ಕೀಲಿ ತಿರುಗಿಸಿದಳು, ಹೊರಗೆ ಬಡಗಿ ಕಾಯುತ್ತಿದ್ದ.

ಮಹಡಿಯ ಕಿಟಕಿ ಕಿರ್ ಎಂದಿತು. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಟೊಪ್ಪಿ ಹಾಕಿಕೊಂಡು, ಬೆತ್ತ ಹಿಡಿದು ಮೈದುನ ಬಂದ. ಗಿಡದ ಕಡೆ ಒಮ್ಮೆಯೂ ನೋಡದೆ ಅವಳ ಪಕ್ಕದಲ್ಲಿ ನಿಂತ.

"ಬಡಗಿ ಅಲ್ಲ ಅತ್ತಿಗೆ. ದೋಣಿಯವನು."

"ಬಡಗಿ," ಅಂದಳು ಕತ್ತರಕ್ಕ. "ನಿನಗೇನು ಗೊತ್ತು, ನೀನಿನ್ನೂ ಹುಟ್ಟಿರಲಿಲ್ಲ."

ಇಬ್ಬರೂ ಜಗಳಕ್ಕೆ ಬಿದ್ದರು. ಡಾಕ್ಟರಮ್ಮ ದೋಣಿಯವನ ಕಡೆಯಾದಳು, ಕ್ಯಾಮೆರಾದವನು ತೇಪೆಯ ಇಟ್ಟಿಗೆಗಳನ್ನು ಒಂದೊಂದಾಗಿ ಹಿಡಿಯತೊಡಗಿದ. ಅವರೆಲ್ಲರ ಬೆನ್ನ ಹಿಂದೆ, ಗಿಡದೊಳಗಿಂದ ಹಕ್ಕಿ ಒಮ್ಮೆ ಜೋರಾಗಿ ಕೂಗಿತು. ಯಾರಾದರೂ ತಿರುಗುವ ಮೊದಲೇ ಮೈದುನ ಸೀಟಿ ಊದಿದ, ಕತ್ತರಕ್ಕ ದನಿ ಏರಿಸಿದಳು.